ಪೋರ್ಟ್ ಎಂದರೆ ಯಾವ ಪೋರ್ಟ್?

ಬೆಳಿಗ್ಗೆ ಎಂಟು ದಾಟಿತೆಂದರೆ ಮಂಗಳೂರಿನ ಕೂಳೂರಿನಲ್ಲಿ ಹೆದ್ದಾರಿ ತುಂಬಿ ನಿಲ್ಲುತ್ತದೆ. ಕಂಟೇನರ್ ಹೊತ್ತ ಟ್ರೈಲರ್‌ಗಳು, ಅನಿಲ ತುಂಬಿದ ಬುಲೆಟ್ ಟ್ಯಾಂಕರ್‌ಗಳು, ಅವುಗಳ ನಡುವೆ ತೂರಲು ನೋಡುವ ಸಿಟಿ ಬಸ್ಸುಗಳು ಎಲ್ಲವೂ ಫಲ್ಗುಣಿ ಹೊಳೆಯ ಸೇತುವೆಗೆ ಮುಖ ಮಾಡಿರುತ್ತವೆ. ಸೇತುವೆ ದಾಟಿದರೆ ಪಣಂಬೂರು, ಅಲ್ಲಿ ನವಮಂಗಳೂರು ಬಂದರು, ಊರಿನವರ ಬಾಯಲ್ಲಿ ಎನ್‌ಎಂಪಿಟಿ. ದಾಟದೆ ಕಾವೂರಿನ ದಾರಿ ಹಿಡಿದರೆ, ಮುಂದೆ ಮರವೂರಿನಲ್ಲಿ ಅದೇ ಹೊಳೆ ಮತ್ತೆ ಎದುರಾಗಿ, ಆಚೆಗೆ ಬಜ್ಪೆಯ ವಿಮಾನ ನಿಲ್ದಾಣ.

ಇಲ್ಲಿ ರಿಕ್ಷಾ ಹತ್ತಿ ‘ಪೋರ್ಟಿಗೆ ಹೋಗ್ಲಿಕ್ಕುಂಟು’ ಎಂದರೆ ಚಾಲಕ ಮೀಟರ್ ಹಾಕುವ ಮೊದಲು ಕೇಳುತ್ತಾನೆ: ‘ಯಾವ ಪೋರ್ಟ್ ಮಾರಾಯ್ರೆ? ಏರ್‌ಪೋರ್ಟಾ, ಎನ್‌ಎಂಪಿಟಿಯಾ?’ ಮೊಬೈಲ್ ಅಂಗಡಿಗೆ ಬಂದ ಒಬ್ಬರು ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆ ಎನ್ನುತ್ತಾರೆ, ಇನ್ನೊಬ್ಬರಿಗೆ ಸಿಮ್ ಪೋರ್ಟ್ ಮಾಡಿಸಬೇಕು. ಲಾರಿಯ ಹಣೆಯ ಮೇಲೆ ಟ್ರಾನ್ಸ್‌ಪೋರ್ಟ್, ಕಚೇರಿಯ ಫಲಕದಲ್ಲಿ ಎಕ್ಸ್‌ಪೋರ್ಟ್, ಗಲ್ಫಿಗೆ ಹೊರಟವನ ಜೇಬಿನಲ್ಲಿ ಪಾಸ್‌ಪೋರ್ಟ್.

ಹಡಗು ನಿಲ್ಲುವ ಜಾಗಕ್ಕೂ ಫೋನಿನ ತೂತಿಗೂ ಏನು ನಂಟು? ಕಂಪನಿ ಬದಲಿಸುವುದಕ್ಕೂ ವಿಮಾನಕ್ಕೂ ಒಂದೇ ಪದ ಹೇಗೆ ಬಂತು? ದಿನವೂ ಬಾಯಲ್ಲಿ ಓಡಾಡುವ ಈ ಇಂಗ್ಲಿಷ್ ಮಾತನ್ನು ಬಿಡಿಸಿ ನೋಡಿದರೆ ಅದು ಒಂದು ಪದವಲ್ಲ. ಒಂದೇ ಉಚ್ಚಾರಕ್ಕೆ ಬಂದು ನಿಂತ ಹಲವು ಪದಗಳ ಕುಟುಂಬ.

ಮೂರು ಲ್ಯಾಟಿನ್ ಪದಗಳು

ಕುಟುಂಬದ ಹಿರಿಯರು ಲ್ಯಾಟಿನ್ ಭಾಷೆಯವರು. ‘ಪೋರ್ಟುಸ್’ ಎಂದರೆ ಹಡಗು ಬಂದು ಸೇರುವ ಬಂದರು. ‘ಪೋರ್ಟಾ’ ಎಂದರೆ ಬಾಗಿಲು, ಅದರಲ್ಲೂ ಕೋಟೆಯ ಹೆಬ್ಬಾಗಿಲು. ‘ಪೋರ್ಟಾರೆ’ ಎಂದರೆ ಹೊರುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು.

ಇವುಗಳಲ್ಲಿ ಕೆಲವು ನೇರವಾಗಿ, ಕೆಲವು ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದವು. ದಾರಿಯಲ್ಲಿ ಬಾಲಗಳು ಉದುರಿ ಮೂರಕ್ಕೂ ‘ಪೋರ್ಟ್’ ಎಂಬ ಒಂದೇ ರೂಪ ಉಳಿಯಿತು. ಕಿವಿಗೆ ಒಂದೇ ಆಗಿ ಕೇಳಿದರೂ ಅರ್ಥದಲ್ಲಿ ಮೂರು ಪಂಗಡ ಇಂದಿಗೂ ಉಳಿದಿವೆ: ತಂಗುವ ಪೋರ್ಟ್, ತೆರೆಯುವ ಪೋರ್ಟ್, ಹೊರುವ ಪೋರ್ಟ್. ಯಾವುದೇ ಪೋರ್ಟ್ ಎದುರಾದಾಗ ಅದು ಈ ಮೂರರಲ್ಲಿ ಯಾವುದು ಎಂದು ಕೇಳಿಕೊಂಡರೆ ಅರ್ಧ ಗಂಟು ಬಿಚ್ಚಿದಂತೆ.

ಅಳಿವೆಯ ಬಾಗಿಲು

ಬಂದರಿಗೂ ಬಾಗಿಲಿಗೂ ಇರುವ ನಂಟನ್ನು ಕರಾವಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊಳೆ ಸಮುದ್ರ ಸೇರುವ ಇಕ್ಕಟ್ಟಾದ ಜಾಗವನ್ನು ಇಲ್ಲಿನ ಮೀನುಗಾರರು ‘ಅಳಿವೆ ಬಾಗಿಲು’ ಎನ್ನುತ್ತಾರೆ. ನೇತ್ರಾವತಿ ಮತ್ತು ಫಲ್ಗುಣಿ ಎರಡೂ ಕೂಡಿ ಕಡಲಿಗೆ ಇಳಿಯುವ ಕಡೆ ಅಂಥ ಬಾಗಿಲಿದೆ. ಅಲ್ಲಿ ಹೂಳು ತುಂಬಿದರೆ ದೋಣಿಗಳು ಒಳಗೆ ಬರುವುದೂ ಕಷ್ಟ, ಹೊರಗೆ ಹೋಗುವುದೂ ಕಷ್ಟ. ಬಾಗಿಲು ತೆರೆದಿದ್ದರೆ ಮಾತ್ರ ಬಂದರಿಗೆ ಬೆಲೆ.

ಆ ಬಾಗಿಲಿನ ಒಳಗಿರುವುದೇ ಮಂಗಳೂರಿನ ಹಳೇ ಬಂದರು. ಲಕ್ಷದ್ವೀಪಕ್ಕೆ ಸರಕು ಒಯ್ಯುವ ‘ಮಂಜಿ’ ಎಂಬ ಹಡಗುಗಳು ಹೊರಡುವುದು ಇಲ್ಲಿಂದ. ಸರಕು ಇಳಿಸುವ, ಮೀನು ಹರಾಜಾಗುವ ಕಟ್ಟೆಗೆ ‘ದಕ್ಕೆ’ ಎಂದು ಹೆಸರು. ಹನ್ನೆರಡನೇ ಶತಮಾನದಲ್ಲಿ ಉತ್ತರ ಆಫ್ರಿಕಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಈ ಊರಿನಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ್ದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿದ್ದರಿಂದ ನಮಗೆ ಇದು ಗೊತ್ತು.

ಮರಳುದಿಬ್ಬದ ಕಾಟವಿರುವ ಅಳಿವೆಗೆ ದೊಡ್ಡ ಹಡಗುಗಳು ಬರಲಾರವು. ಅದಕ್ಕಾಗಿಯೇ ಉತ್ತರಕ್ಕೆ, ಪಣಂಬೂರಿನ ಕಡಲ ದಂಡೆಯನ್ನು ಅಗೆದು ಹೊಸ ಬಂದರು ಕಟ್ಟಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಧಾನ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಅದಕ್ಕಾಗಿ ಮನೆಮಠ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕೊಡಲಾಯಿತು. ಆ ಮನೆಗಳ ಹಿರಿಯರಿಗೆ ‘ಪೋರ್ಟ್’ ಎಂಬ ಮಾತಿಗೆ ಯಾವ ನಿಘಂಟಿನಲ್ಲೂ ಇಲ್ಲದ ಒಂದು ಅರ್ಥವಿದೆ: ಬಿಟ್ಟುಬಂದ ಊರು.

ಅವಕಾಶ ಎಂಬ ಅರ್ಥದ ‘ಆಪರ್ಚುನಿಟಿ’ಯ ಒಳಗೂ ಇದೇ ಬಂದರು ಅಡಗಿದೆ. ಬಂದರಿನ ಕಡೆಗೆ ಬೀಸುವ ಗಾಳಿಯನ್ನು ರೋಮನ್ ನಾವಿಕರು ‘ಓಪ್ಪೋರ್ಟುನುಸ್’ ಎನ್ನುತ್ತಿದ್ದರು. ಹಾಯಿ ಹಡಗಿನ ಕಾಲದಲ್ಲಿ ದಡದತ್ತ ಬೀಸುವ ಗಾಳಿ ಸಿಗುವುದೇ ದೊಡ್ಡ ಅವಕಾಶ.

ಹಡಗಿನ ಎಡಬದಿ

ನಾವಿಕರು ಹಡಗಿನ ಎಡಬದಿಗೂ ‘ಪೋರ್ಟ್’ ಎನ್ನುತ್ತಾರೆ. ಇದರ ಹಿಂದೆ ಬಲಗೈಯ ಕಥೆ ಇದೆ. ಚುಕ್ಕಾಣಿಯನ್ನು ಹಿಂಬದಿಯ ನಡುವಿಗೆ ಜೋಡಿಸುವ ಮೊದಲು, ಉತ್ತರ ಯುರೋಪಿನ ಹಡಗುಗಳನ್ನು ಬಲಪಕ್ಕಕ್ಕೆ ಕಟ್ಟಿದ ದೊಡ್ಡ ಹುಟ್ಟಿನಿಂದ ತಿರುಗಿಸುತ್ತಿದ್ದರು. ಹೆಚ್ಚಿನ ಜನರಿಗೆ ಬಲಗೈಯೇ ರೂಢಿ. ಹಾಗಾಗಿ ಬಲಬದಿಗೆ ‘ಸ್ಟಾರ್‌ಬೋರ್ಡ್’, ಅಂದರೆ ಹಡಗು ನಡೆಸುವ ಬದಿ ಎಂದು ಹೆಸರಾಯಿತು.

ಹುಟ್ಟು ಬಲಕ್ಕಿದ್ದ ಮೇಲೆ ಹಡಗನ್ನು ದಕ್ಕೆಗೆ ತಾಗಿಸುವುದು ಎಡಬದಿಯಿಂದಲೇ. ಸರಕು ಏರಿಸುವ ಆ ಬದಿಗೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಬಿರುಗಾಳಿಯ ನಡುವೆ ಕೂಗಿ ಹೇಳಿದಾಗ ಸ್ಟಾರ್‌ಬೋರ್ಡ್ ಯಾವುದು, ಲಾರ್‌ಬೋರ್ಡ್ ಯಾವುದು ಎಂದು ತಿಳಿಯದೆ ಎಡವಟ್ಟಾಗುತ್ತಿತ್ತು. ಎಡಬದಿಗೆ ‘ಪೋರ್ಟ್’ ಎನ್ನುವ ರೂಢಿ ಆಗಲೇ ಇತ್ತು; 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನೇ ಕಡ್ಡಾಯ ಮಾಡಿತು. ಎರಡು ವರ್ಷಗಳ ಬಳಿಕ ಅಮೆರಿಕದ ನೌಕಾಪಡೆಯೂ ಹಿಂಬಾಲಿಸಿತು.

ರಾತ್ರಿಯಲ್ಲಿ ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಈ ನಿಯಮ ನೀರಿನಿಂದ ಆಕಾಶಕ್ಕೂ ಏರಿತು. ಸಂಜೆಗತ್ತಲಲ್ಲಿ ಬಜ್ಪೆಗೆ ಇಳಿಯುವ ವಿಮಾನದ ರೆಕ್ಕೆಗಳನ್ನು ನೋಡಿ: ಪೈಲಟ್‌ನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ದೇಶದ ಹೆಸರಾದ ಬಂದರು

ಒಂದು ದೇಶ ಈ ಪದವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ಡೋರು ನದಿಯ ಅಳಿವೆಯಲ್ಲಿ ರೋಮನ್ನರ ಕಾಲದಲ್ಲಿ ‘ಪೋರ್ಟುಸ್ ಕಾಲೆ’ ಎಂಬ ಊರಿತ್ತು. ಅದೇ ಹೆಸರು ಬೆಳೆದು ಪೋರ್ಚುಗಲ್ ಆಯಿತು. ಅಳಿವೆಯ ಪಕ್ಕದ ನಗರಕ್ಕೆ ಇವತ್ತಿಗೂ ಪೋರ್ಟೊ ಎಂದೇ ಹೆಸರು.

ಬಂದರಿನ ಹೆಸರು ಹೊತ್ತ ಆ ದೇಶ ಹದಿನಾರನೇ ಶತಮಾನದಲ್ಲಿ ನಮ್ಮ ಬಂದರುಗಳಿಗಾಗಿಯೇ ಕಾದಾಡಿತು. ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದ್ದು ಇವರನ್ನೇ. ತಮ್ಮಿಂದ ‘ಕರ್ತಾಜ್’ ಎಂಬ ರಹದಾರಿ ಪಡೆಯದ ವ್ಯಾಪಾರಿ ಹಡಗುಗಳನ್ನು ಪೋರ್ಚುಗೀಸರು ಈ ಕಡಲಿನಲ್ಲಿ ಹಿಡಿದು ಮುಟ್ಟುಗೋಲು ಹಾಕುತ್ತಿದ್ದರು. ಯಾರದೋ ಕಡಲಿನಲ್ಲಿ ಓಡಾಡಲು ಇನ್ನಾರದೋ ಚೀಟಿ!

ಪಾಸ್‌ಪೋರ್ಟ್ ಕೂಡ ಹುಟ್ಟಿನಲ್ಲಿ ಇಂಥದೇ ಚೀಟಿ. ಫ್ರೆಂಚಿನಲ್ಲಿ ‘ಪಾಸ್’ ಎಂದರೆ ದಾಟು; ಬಂದರು ದಾಟಿ ಹೋಗಲು, ಒಳಗೆ ಬರಲು ಕೊಟ್ಟ ಅಪ್ಪಣೆಯೇ ಪಾಸ್‌ಪೋರ್ಟ್. ಈಗ ಹೆಚ್ಚಿನವರು ಅದನ್ನು ತೋರಿಸುವುದು ಏರ್‌ಪೋರ್ಟಿನಲ್ಲಿ. ಆದರೆ ಏರ್‌ಪೋರ್ಟ್ ಎಂಬುದೂ ಕಡಲಿನಿಂದ ಎರವಲು ತಂದ ಮಾತೇ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಬಂದಿಳಿದು ಆರಂಭವಾದ ಬಜ್ಪೆಯ ನಿಲ್ದಾಣಕ್ಕೆ ಆಗಿನ ಹೆಸರು ಏರೋಡ್ರೋಮ್. ‘ಡ್ರೋಮ್’ ಎಂದರೆ ಗ್ರೀಕಿನಲ್ಲಿ ಓಟದ ಬಯಲು. ಓಟದ ಬಯಲನ್ನು ಬಂದರು ಹಿಂದೆ ಹಾಕಿತು.

ಇನ್ನು ಪೋರ್ಟ್ ವೈನ್. ಅದು ಪೋರ್ಟೊ ನಗರದಿಂದ ಹಡಗೇರುತ್ತಿದ್ದ ಮದ್ಯ. 1703ರ ಮೆಥ್ಯುಯೆನ್ ಒಪ್ಪಂದದಲ್ಲಿ ಇಂಗ್ಲೆಂಡ್, ಫ್ರೆಂಚ್ ವೈನಿಗಿಂತ ಪೋರ್ಚುಗಲ್‌ನ ವೈನಿಗೆ ಕಡಿಮೆ ಸುಂಕ ಹಾಕಲು ಒಪ್ಪಿತು. ಹಡಗಿನ ಪ್ರಯಾಣದಲ್ಲಿ ಕೆಡದಿರಲಿ ಎಂದು ಬ್ರಾಂಡಿ ಬೆರೆಸುವ ರೂಢಿಯಿಂದ ಅದಕ್ಕೆ ಇವತ್ತಿನ ಸಿಹಿ ಮತ್ತು ಗಡಸು ಬಂತು.

ಇಬ್ಬರು ಪೋರ್ಟರ್‌ಗಳು

ಬಾಗಿಲಿನ ಅರ್ಥದ ಪೋರ್ಟಾ ನಮ್ಮ ಮನೆಗಳಿಗೂ ಬಂದಿದೆ. ಕಾರು ನಿಲ್ಲಿಸುವ ಪೋರ್ಟಿಕೊ ಅದರ ಸಂತಾನ. ಸರ್ಕಾರಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಸೇವಾಸಿಂಧು ‘ಪೋರ್ಟಲ್’ ಎಂದರೆ ಹೆಬ್ಬಾಗಿಲು. ಸರ್ವರ್ ಕೈಕೊಟ್ಟ ದಿನ ಆ ಬಾಗಿಲು ತೆರೆಯದು ಅಷ್ಟೆ.

ಇತಿಹಾಸದ ಪುಟಗಳಲ್ಲಿ ಇನ್ನೂ ದೊಡ್ಡ ಬಾಗಿಲೊಂದಿದೆ. ತುರ್ಕಿಯ ಆಟೊಮನ್ ಸರ್ಕಾರವನ್ನು ಯುರೋಪಿನವರು ‘ಪೋರ್ಟ್’ ಎಂದೇ ಕರೆಯುತ್ತಿದ್ದರು, ಇಸ್ತಾಂಬುಲ್‌ನ ‘ಎತ್ತರದ ಬಾಗಿಲು’ ಎಂಬ ಮಾತಿನ ಫ್ರೆಂಚ್ ರೂಪ ಅದು. 1784ರಲ್ಲಿ ಇಂಗ್ಲಿಷರ ಜತೆ ಮಂಗಳೂರು ಒಪ್ಪಂದ ಮಾಡಿಕೊಂಡ ಟಿಪ್ಪು ಸುಲ್ತಾನ್, 1786ರಲ್ಲಿ ರಾಯಭಾರಿಗಳನ್ನು ಹಡಗು ಹತ್ತಿಸಿದ್ದು ಈ ‘ಪೋರ್ಟ್’ನ ನೆರವು ಕೇಳಲು.

ಗೊಂದಲ ಹೆಚ್ಚುವುದು ‘ಪೋರ್ಟರ್’ ಎಂಬ ಮಾತಿನಲ್ಲಿ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಪೋರ್ಟರ್ ಬಾಗಿಲು ಕಾಯುವವನು, ಪೋರ್ಟಾದ ವಂಶ. ರೈಲು ನಿಲ್ದಾಣದ ಪೋರ್ಟರ್ ಮೂಟೆ ಹೊರುವವನು, ಪೋರ್ಟಾರೆಯ ವಂಶ. ಇಬ್ಬರೂ ಬೇರೆಬೇರೆ ಮನೆತನದವರು. ಅಕ್ಷರ ಮಾತ್ರ ಒಂದೇ. ಹದಿನೆಂಟನೇ ಶತಮಾನದ ಲಂಡನ್‌ನಲ್ಲಿ ಮೂಟೆ ಹೊರುವವರು ಇಷ್ಟಪಟ್ಟು ಕುಡಿಯುತ್ತಿದ್ದ ಕಪ್ಪು ಬಿಯರಿಗೂ ಪೋರ್ಟರ್ ಎಂದೇ ಹೆಸರು ಬಿತ್ತು.

ಹೊತ್ತು ತಂದ ಅರ್ಥಗಳು

ಹೊರುವ ಪೋರ್ಟ್‌ನ ವಂಶ ಎಲ್ಲಕ್ಕಿಂತ ದೊಡ್ಡದು. ಆಚೆಗೆ ಹೊತ್ತರೆ ಟ್ರಾನ್ಸ್‌ಪೋರ್ಟ್, ಹೊರಗೆ ಹೊತ್ತರೆ ಎಕ್ಸ್‌ಪೋರ್ಟ್, ಒಳಗೆ ಹೊತ್ತರೆ ಇಂಪೋರ್ಟ್. ಹೋಗಿ ನೋಡಿದ್ದನ್ನು ಮರಳಿ ಹೊತ್ತು ತಂದರೆ ರಿಪೋರ್ಟ್. ಕೆಳಗಿನಿಂದ ಹೆಗಲು ಕೊಟ್ಟು ಹೊತ್ತರೆ ಸಪೋರ್ಟ್. ದೇಶದಿಂದಲೇ ಹೊತ್ತು ಹಾಕಿದರೆ ಡಿಪೋರ್ಟ್. ಬಂದರಿನಿಂದ ಕಾಫಿ ಹೊರಡುವುದನ್ನೂ ಪತ್ರಕರ್ತ ಸುದ್ದಿ ಬರೆಯುವುದನ್ನೂ ಹೇಳಲು ಇಂಗ್ಲಿಷಿಗೆ ಲ್ಯಾಟಿನ್‌ನ ಒಂದೇ ಕ್ರಿಯಾಪದ ಸಾಕಾಯಿತು.

ಹಾಗಾದರೆ ಎಕ್ಸ್‌ಪೋರ್ಟ್ ಎಂದರೆ ಬಂದರಿನಿಂದ ಹೊರಗೆ ಎಂದಲ್ಲವೇ? ಅನೇಕರು ಹಾಗೆಯೇ ಭಾವಿಸುತ್ತಾರೆ. ಹಡಗಿನಲ್ಲೇ ಹೋಗುವ ಸರಕಾದ್ದರಿಂದ ಹಾಗೆ ಅನ್ನಿಸುವುದೂ ಸಹಜ. ಆದರೆ ಅಲ್ಲಿರುವುದು ಹೊರುವ ಪೋರ್ಟ್, ತಂಗುವ ಪೋರ್ಟ್ ಅಲ್ಲ. ವಿಮಾನದಲ್ಲಿ, ಲಾರಿಯಲ್ಲಿ ಹೋದರೂ ಅದು ಎಕ್ಸ್‌ಪೋರ್ಟೇ.

‘ಇಂಪಾರ್ಟೆಂಟ್’ ಕೂಡ ಇದೇ ಪಂಗಡದ್ದು: ತನ್ನೊಳಗೆ ಏನೋ ತೂಕ ಹೊತ್ತು ತಂದದ್ದು. ಇಟಾಲಿಯನ್ನರು ಕಾಗದ ಹೊರುವ ಚೀಲವನ್ನು ‘ಪೋರ್ಟಫೋಲಿಯೊ’ ಎಂದರು; ಆ ಚೀಲವೇ ಇಂಗ್ಲಿಷಿನಲ್ಲಿ ಮಂತ್ರಿಯ ಖಾತೆಯಾಯಿತು, ಷೇರುದಾರನ ಹೂಡಿಕೆಯ ಪಟ್ಟಿಯಾಯಿತು. ಎಲ್ಲಕ್ಕಿಂತ ಅನಿರೀಕ್ಷಿತ ನಂಟು ‘ಸ್ಪೋರ್ಟ್ಸ್’ನದು. ಹಳೆಯ ಫ್ರೆಂಚಿನ ‘ದೆಸ್ಪೋರ್ಟ್’ ಎಂದರೆ ಮನಸ್ಸನ್ನು ಕೆಲಸದಿಂದ ದೂರಕ್ಕೆ ಒಯ್ಯುವುದು, ವಿನೋದ. ಮೊದಲ ಅಕ್ಷರ ಬಿದ್ದುಹೋಗಿ ಸ್ಪೋರ್ಟ್ ಉಳಿಯಿತು.

ಅಂಗೈಗೆ ಬಂದ ಪೋರ್ಟ್

ಈಗ ಕೂಳೂರಿನ ಮೊಬೈಲ್ ಅಂಗಡಿಗೆ ಬರೋಣ. ಚಾರ್ಜಿಂಗ್ ಪೋರ್ಟ್ ಬಾಗಿಲಿನ ಪಂಗಡದ್ದು. ಹಡಗಿನ ಪಕ್ಕದಲ್ಲಿ ಫಿರಂಗಿ ಚಾಚಲು ಕೊರೆದ ಕಿಂಡಿಗೆ ಇಂಗ್ಲಿಷರು ಪೋರ್ಟ್ ಎನ್ನುತ್ತಿದ್ದರು. ಯಂತ್ರಗಳಲ್ಲಿ ಉಗಿ, ಇಂಧನ ಹೋಗಿಬರುವ ಕಿಂಡಿಗೂ ಅದೇ ಹೆಸರಾಯಿತು. ಕೊನೆಗೆ ವಿದ್ಯುತ್ತು ಮತ್ತು ಮಾಹಿತಿ ಹೋಗಿಬರುವ ತೂತಿಗೂ ಅದೇ ಉಳಿಯಿತು.

ಕಣ್ಣಿಗೆ ಕಾಣದ ಪೋರ್ಟ್‌ಗಳೂ ಇವೆ. ಇಂಟರ್ನೆಟ್ಟಿಗೆ ಸೇರಿದ ಪ್ರತಿ ಕಂಪ್ಯೂಟರಿನಲ್ಲಿ 0ಯಿಂದ 65,535ರವರೆಗೆ ಸಂಖ್ಯೆ ಹಾಕಿದ ಬಾಗಿಲುಗಳಿವೆ. ಸುರಕ್ಷಿತವಲ್ಲದ ಜಾಲತಾಣ 80ನೇ ಬಾಗಿಲಿನಿಂದ, ಬ್ಯಾಂಕಿನಂಥ ಸುರಕ್ಷಿತ ತಾಣ 443ನೇ ಬಾಗಿಲಿನಿಂದ ಮಾತಾಡುತ್ತದೆ. ಬೇಡದ ಬಾಗಿಲು ಮುಚ್ಚಿಡುವುದೇ ಫೈರ್‌ವಾಲ್‌ನ ಕೆಲಸ.

ಸಿಮ್ ಪೋರ್ಟ್ ಮಾಡಿಸುವುದು ಮಾತ್ರ ಬೇರೆ ಪಂಗಡದ್ದು, ಅದು ಹೊರುವ ಪೋರ್ಟ್. ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಈ ಹಕ್ಕು 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ‘ಪೋರ್ಟ್’ ಎಂದು ಬರೆದು ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳಿಸುವುದೇ ಮೊದಲ ಹೆಜ್ಜೆ. ಬೇರೆ ರಾಜ್ಯದಲ್ಲಿ ದುಡಿಯುವವರು ತಮ್ಮ ಪಡಿತರ ಚೀಟಿಯಲ್ಲಿ ಅಲ್ಲೇ ಅಕ್ಕಿ ಪಡೆಯುವ ಪೋರ್ಟೆಬಿಲಿಟಿಯೂ ಇದೇ ಜಾತಿಯದು. ಒಂದೇ ಅಂಗಡಿಯ ಒಂದೇ ಕೌಂಟರಿನಲ್ಲಿ ಬಾಗಿಲೂ ಹೊರೆಯೂ ಹೀಗೆ ಅಕ್ಕಪಕ್ಕ ಕುಳಿತಿವೆ.

ಎಲ್ಲರ ಬೇರು: ದಾಟು

ಬಂದರು, ಬಾಗಿಲು, ಹೊರೆ ಮೂರೂ ಲ್ಯಾಟಿನ್‌ಗಿಂತ ಹಿಂದೆ ಒಂದೇ ಬೇರಿಗೆ ಸೇರುತ್ತವೆ ಎಂಬುದು ಭಾಷಾಶಾಸ್ತ್ರಜ್ಞರ ಮಾತು. ಯುರೋಪಿನ ಹೆಚ್ಚಿನ ಭಾಷೆಗಳಿಗೂ ಸಂಸ್ಕೃತಕ್ಕೂ ಸಾಮಾನ್ಯವಾದ ಪುರಾತನ ಭಾಷೆಯಲ್ಲಿ ‘ಪೆರ್’ ಎಂಬ ಧಾತು ಇತ್ತು. ಅರ್ಥ, ದಾಟುವುದು, ದಾಟಿಸುವುದು. ಹೊಳೆಯನ್ನು ದಾಟುವ ಜಾಗ, ಗೋಡೆಯನ್ನು ದಾಟುವ ಜಾಗ, ಸರಕನ್ನು ದಾಟಿಸುವ ಕೆಲಸ: ಮೂರೂ ಅಲ್ಲಿಂದಲೇ.

ಸಂಸ್ಕೃತದಲ್ಲಿ ಇದು ‘ಪಾರ’ವಾಯಿತು, ಅಂದರೆ ಆಚೆ ದಡ. ಕಷ್ಟದಿಂದ ಪಾರಾಗುವುದು, ವಿದ್ಯೆಯಲ್ಲಿ ಪಾರಂಗತನಾಗುವುದು, ಆಚೆ ದಡವೇ ಕಾಣದ ಅಪಾರ ಎಲ್ಲವೂ ಆ ದಡದ ಮಾತುಗಳೇ. ಗ್ರೀಕಿನಲ್ಲಿ ‘ಪೊರೊಸ್’, ಅಂದರೆ ದಾಟುದಾರಿ ಎಂದಾಯಿತು. ದಾರಿ ಹಿಡಿದು ಬಂದ ವ್ಯಾಪಾರಿಗಳು ಸೇರುವ ಜಾಗ ‘ಎಂಪೊರಿಯೊನ್’. ಕರಕುಶಲ ವಸ್ತು ಮಾರುವ ಕಾವೇರಿ ಎಂಪೋರಿಯಂ ಅದನ್ನು ಇನ್ನೂ ಉಳಿಸಿಕೊಂಡಿದೆ.

ಇಂಗ್ಲಿಷಿನಂಥ ಜರ್ಮನಿಕ್ ಭಾಷೆಗಳಲ್ಲಿ ಹಳೆಯ ‘ಪ’ಕಾರ ‘ಫ’ಕಾರವಾಯಿತು. ಪಾದ ಫುಟ್ ಆದದ್ದು, ಪಿತೃ ಫಾದರ್ ಆದದ್ದು, ಪಂಚ ಫೈವ್ ಆದದ್ದು ಹೀಗೆ. ಇದನ್ನು 1822ರಲ್ಲಿ ನಿಯಮವಾಗಿ ವಿವರಿಸಿದವರು ಮಕ್ಕಳ ಕಥೆಗಳಿಂದ ಹೆಸರಾದ ಸೋದರರಲ್ಲಿ ಒಬ್ಬರಾದ ಯಾಕೋಬ್ ಗ್ರಿಮ್. ಕನ್ನಡಿಗರಿಗೆ ಇಂಥ ಬದಲಾವಣೆ ಹೊಸದಲ್ಲ. ಹಳಗನ್ನಡದ ಪಾಲ್, ಪೂ ನಮ್ಮಲ್ಲಿ ಹಾಲು, ಹೂ ಆದವು; ಹೂವಿಗೆ ತುಳುವರು ಇವತ್ತಿಗೂ ಪೂ ಎನ್ನುತ್ತಾರೆ.

ಆ ಫಕಾರದ ಕವಲಿನಲ್ಲಿ ಇಂಗ್ಲಿಷಿಗೆ ಸಿಕ್ಕ ಮಾತುಗಳಲ್ಲಿ ಮೂರು ಇವು: ಹೊಳೆಯನ್ನು ಕಾಲ್ನಡೆಯಲ್ಲಿ ದಾಟುವ ‘ಫೋರ್ಡ್’, ಬಸ್ಸಿನವರು ಕೇಳುವ ‘ಫೇರ್’, ದೋಣಿಯಲ್ಲಿ ದಾಟಿಸುವ ‘ಫೆರಿ’. ಮೂರನೆಯದು ಮಂಗಳೂರಿನಲ್ಲಿ ವಿಳಾಸವಾಗಿ ನಿಂತಿದೆ. ಚಿಲಿಂಬಿಯ ಕಡೆಯ ರಸ್ತೆಯೊಂದಕ್ಕೆ ಇಂದಿಗೂ ಕೂಳೂರು ಫೆರಿ ರೋಡ್ ಎಂದೇ ಹೆಸರು. ಸೇತುವೆ ಬರುವ ಮೊದಲು ಕೂಳೂರಿನ ದೋಣಿ ಕಡವಿಗೆ ಕರೆದೊಯ್ಯುತ್ತಿದ್ದ ದಾರಿ ಅದು. ಕಮಾನು ಸೇತುವೆ ಬಂದು ಕಡವು ಹೋಯಿತು, ಹೆಸರು ಹೋಗಲಿಲ್ಲ. ಹೊಳೆಯ ಈಚೆ ಫೆರಿ, ಆಚೆ ಪೋರ್ಟ್: ಒಂದೇ ಧಾತುವಿನ ಎರಡು ಕವಲು ಫಲ್ಗುಣಿಯ ಎರಡು ದಡಗಳಲ್ಲಿವೆ.

ಧ್ವನಿ ಹೋಲುವುದೆಲ್ಲ ನೆಂಟಸ್ತಿಕೆಯಲ್ಲ ಎಂಬ ಎಚ್ಚರವೂ ಬೇಕು. ಚಿತ್ರ ಎಂಬರ್ಥದ ‘ಪೋರ್ಟ್ರೇಟ್’, ಭಾಗ ಎಂಬರ್ಥದ ‘ಪೋರ್ಶನ್’ ಈ ವಂಶದವಲ್ಲ. ಹೊಳೆ ‘ಹಾಯು’ವುದಕ್ಕೆ ಹಳಗನ್ನಡದಲ್ಲಿ ‘ಪಾಯ್’ ಎಂದಿದ್ದರೂ ಅದು ದ್ರಾವಿಡ ಮಾತು; ‘ಪಾರ’ದ ಜತೆಗಿನ ಹೋಲಿಕೆ ಆಕಸ್ಮಿಕ.

ಕನ್ನಡ ಆರಿಸಿಕೊಂಡದ್ದು

ಇಷ್ಟು ಅರ್ಥಗಳಲ್ಲಿ ಕನ್ನಡ ಯಾವುದನ್ನು ಒಳಗೆ ಬಿಟ್ಟುಕೊಂಡಿತು? ಎಲ್ಲವನ್ನೂ ಅಲ್ಲ. ಹಡಗು ತಂಗುವ ಜಾಗಕ್ಕೆ ನಮ್ಮಲ್ಲಿ ಆಗಲೇ ಬಂದರು ಇತ್ತು. ಅದೂ ಪರ್ಷಿಯನ್ ವರ್ತಕರ ಜತೆ ಬಂದ ಮಾತು. ಇಂಪೋರ್ಟ್ ಎಕ್ಸ್‌ಪೋರ್ಟ್‌ಗಳಿಗೆ ನಾವು ಬಳಸುವ ಆಮದು, ರಫ್ತು ಕೂಡ ಪರ್ಷಿಯನ್ನೇ: ‘ಬಂದದ್ದು’, ‘ಹೋದದ್ದು’ ಎಂದಷ್ಟೇ ಅವುಗಳ ಅರ್ಥ. ಏರ್‌ಪೋರ್ಟಿಗೆ ಪತ್ರಿಕೆಗಳು ವಿಮಾನ ಬಂದರು ಎನ್ನದೆ, ಬಸ್ಸು ರೈಲುಗಳ ಸಾಲಿಗೆ ಸೇರಿಸಿ ವಿಮಾನ ನಿಲ್ದಾಣ ಎಂದವು.

ಮಂಗಳೂರಿನ ಮಾತಿನಲ್ಲಂತೂ ಕೆಲಸ ಸ್ಪಷ್ಟವಾಗಿ ಹಂಚಿಹೋಗಿದೆ. ‘ಬಂದರ್’ ಎಂದರೆ ಹಳೆಯದು, ಅದರ ಸುತ್ತಲಿನ ಮಂಡಿಪೇಟೆ ಸೇರಿ. ‘ಪೋರ್ಟ್’ ಎಂದರೆ ಪಣಂಬೂರಿನದು, ಅದರ ಗೇಟು, ಪಾಸು, ನೌಕರಿ ಸೇರಿ. ನಿಘಂಟಿನಲ್ಲಿ ಎರಡೂ ಒಂದೇ. ಊರಿನವರ ಬಾಯಲ್ಲಿ ಅವು ಎರಡು ಬೇರೆ ಜಾಗ, ಎರಡು ಬೇರೆ ಕಾಲ.

ಹೆಸರೇ ಇಲ್ಲದ ಹೊಸ ವಸ್ತು ಬಂದಾಗ ಮಾತ್ರ ಇಂಗ್ಲಿಷ್ ಮಾತು ಹಾಗೆಯೇ ಒಳಬಂತು: ಫೋನಿನ ತೂತು, ನಂಬರ್ ಬದಲಾವಣೆ. ಬಂದ ಮೇಲೆ ಅದು ಕನ್ನಡದ ವ್ಯಾಕರಣಕ್ಕೆ ತಲೆಬಾಗಿತು. ‘ಪೋರ್ಟಾಯ್ತಾ?’ ‘ನಾಳೆ ಆಗ್ತದೆ’ ಎಂಬ ಮಾತಿನಲ್ಲಿ ಇಂಗ್ಲಿಷಿನ ಪಾಲು ಒಂದೂವರೆ ಅಕ್ಷರ, ಉಳಿದದ್ದೆಲ್ಲ ನಮ್ಮದೇ. ಸಮುದ್ರವೇ ಇಲ್ಲದ ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊಗೆ ವ್ಯಾಪಾರಿಗಳು ಡ್ರೈ ಪೋರ್ಟ್ ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ವಿದ್ವಾಂಸರು ಚರ್ಚಿಸಬಹುದು. ಆದರೆ ಬಂದರು, ದಕ್ಕೆ, ಪೋರ್ಟ್‌ಗಳ ಚರಿತ್ರೆ ನೋಡಿದರೆ ಅಂಥ ತೀರ್ಮಾನ ಆಗುವುದು ಸರಕು ಇಳಿಸುವವರ, ಲಾರಿ ಓಡಿಸುವವರ, ಫೋನ್ ರಿಪೇರಿ ಮಾಡುವವರ ನಡುವೆ. ನಿಘಂಟು ಆಮೇಲೆ ಬಂದು ಬರೆದುಕೊಳ್ಳುತ್ತದೆ.